ಸಾಯುವುದರಲ್ಲಿ ಹೆಸರು ಮಾಡಿದ ಡೆಲ್ಮಾರ್ ಪ್ರೂಯಿಟ್

ಆ ಕಾಲದ ಗುರುವಾರದ ಸಂಜೆಗಳನ್ನು ನೆನೆದರೆ ಐಲೀನ್ ಪ್ರೂಯಿಟ್‌ಗೆ ಈಗಲೂ ನಗು ಬರುತ್ತದೆ, ಹಿಂದೆಯೇ ಕಣ್ಣೂ ತುಂಬುತ್ತದೆ. ಲಾಸ್ ಏಂಜಲಿಸ್ಸಿನ ಅಂಚಿನ ಕಣಿವೆಯ ರಿಸೀಡಾದಲ್ಲಿ ಆಗಿನ್ನೂ ಅಲ್ಲೊಂದು ಇಲ್ಲೊಂದು ಕಿತ್ತಳೆ ತೋಟ ಉಳಿದಿತ್ತು. ಊಟ ಮುಗಿಯಿತೆಂದರೆ ಇಡೀ ಬೀದಿಯ ಕಿಟಕಿಗಳಲ್ಲಿ ಟೀವಿಯ ಅದೇ ನೀಲಿ ಬೆಳಕು, ಅದೇ ಕುದುರೆಗಳ ಓಟ, ಅದೇ ಢಮಾರ್ ಢಮಾರ್. ಆ ಢಮಾರಿಗೆ ಉರುಳುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಅವಳ ಗಂಡನೇ.

ಡೆಲ್ಮಾರ್ ನಟ ಹೌದೋ ಅಲ್ಲವೋ ಎಂದು ಯಾರಾದರೂ ಅನುಮಾನ ಎತ್ತಿದರೆ ಐಲೀನ್ ಜಗಳಕ್ಕೇ ನಿಲ್ಲುತ್ತಿದ್ದಳು. ಟೆಕ್ಸಸ್ಸಿನ ದನ ಕಾಯುವವನೊಬ್ಬನ ಮಗ. ರೋಡಿಯೋಗಳಲ್ಲಿ ಹೋರಿಯ ಬೆನ್ನಿನಿಂದ ಬಿದ್ದು ಬಿದ್ದು ಪಕ್ಕೆಲುಬು ಮುರಿದುಕೊಂಡು, ಹೇಗೂ ಬೀಳುವುದೇ ಆದರೆ ಕ್ಯಾಮೆರಾ ಮುಂದೆ ಬೀಳೋಣವೆಂದು ಲಾಸ್ ಏಂಜಲಿಸ್‌ಗೆ ಬಂದಿದ್ದ. ಟೀವಿಯಲ್ಲಿ ಕೌಬಾಯ್ ಕಥೆಗಳಿಗೆ ಅದು ಸುಗ್ಗಿಯ ಕಾಲ. ವಾರವಿಡೀ ಒಂದಲ್ಲ ಒಂದು ಊರು ಕಾಯುವ ಮಾರ್ಷಲ್ ಯಾರನ್ನಾದರೂ ಗುಂಡಿಟ್ಟು ಸುಡಲೇಬೇಕು. ಸುಡಿಸಿಕೊಳ್ಳಲು ಒಬ್ಬ ಬೇಕಲ್ಲ ಮತ್ತೆ! ಡೆಲ್ಮಾರ್‌ನಷ್ಟು ಚೆಂದವಾಗಿ ಸಾಯುವವನು ಇಡೀ ಕಣಿವೆಯಲ್ಲೇ ಇರಲಿಲ್ಲ. ಮಹಡಿಯ ಕಟಾಂಜನ ಮುರಿದುಕೊಂಡು ಕುದುರೆಗಳ ನೀರಿನ ತೊಟ್ಟಿಗೆ ಬೀಳುತ್ತಿದ್ದ. ಓಡುವ ಕುದುರೆಯಿಂದ ಜಾರಿ, ಒಂದು ಕಾಲು ರಿಕಾಪಿನಲ್ಲಿ ಸಿಕ್ಕಿಸಿಕೊಂಡು ಧೂಳಿನಲ್ಲಿ ಎಳೆಸಿಕೊಳ್ಳುತ್ತಿದ್ದ. ಗುಂಡಿನ ಸದ್ದು ಕಿವಿಗೆ ಬೀಳುವುದೇ ತಡ, ಮೈ ತಾನೇ ನೆಲ ಹುಡುಕುತ್ತಿತ್ತು.

ಸತ್ತವನ ಮುಖ ಅದೇ ಧಾರಾವಾಹಿಯಲ್ಲಿ ಮತ್ತೆ ಕಾಣಕೂಡದು ಎಂಬುದು ಆ ದಂಧೆಯ ಕಟ್ಟಳೆ. ಡೆಲ್ಮಾರ್ ಅದಕ್ಕೂ ದಾರಿ ಕಂಡುಕೊಂಡಿದ್ದ. ಒಮ್ಮೆ ಪೊದೆ ಮೀಸೆ, ಒಮ್ಮೆ ಕುರುಚಲು ಗಡ್ಡ, ಒಮ್ಮೆ ಒಂದು ಕಣ್ಣಿಗೆ ಪಟ್ಟಿ. ಬೆಳಗ್ಗೆ ಕಾಫಿ ಕುಡಿಯುವಾಗ ಗಂಡನ ಮೋರೆ ನೋಡಿಯೇ ಐಲೀನ್ ಕೇಳುತ್ತಿದ್ದಳು, "ಇವತ್ತು ಯಾವೂರಲ್ಲಪ್ಪಾ ನಿನ್ ಸಾವು?"

ನಗಲೇನೋ ನಗುತ್ತಿದ್ದಳು. ಆದರೆ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದವಳೂ ಅವಳೇ. ಅವನ ಬಲತೋಳು ಹೆಗಲಿಗಿಂತ ಮೇಲೆ ಏಳುತ್ತಲೇ ಇರಲಿಲ್ಲ. ಇನ್ನೊಂದು ಸಲ ಕೆಟ್ಟದಾಗಿ ಬಿದ್ದರೆ ಆ ತೋಳಿನ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಗಳು ವಾಂಡಾಳದು ಬೇರೆಯೇ ದುಃಖ. "ನಿಮ್ಮಪ್ಪ ನಿನ್ನೆ ಮತ್ತೆ ಸತ್ನಂತೆ! ಹೂವು ತರ್ಬೇಕಾ?" ಎಂದು ಶಾಲೆಯಲ್ಲಿ ಮಕ್ಕಳು ರೇಗಿಸುತ್ತಿದ್ದರು. ಅವಳು ಮುಖ ಊದಿಸಿಕೊಂಡು ಬಂದು ಅಪ್ಪನ ಬೆನ್ನು ಬೀಳುತ್ತಿದ್ದಳು. "ಡ್ಯಾಡಿ, ಒಂದೇ ಒಂದ್ಸಲ ಕೊನೇ ತನಕ ಬದುಕಿರು. ನಿನ್ ಕಾಲಿಗ್ ಬೀಳ್ತೀನಿ."

ಹೀಗಿರುವಾಗ 'ಡ್ರೈ ಫೋರ್ಕ್' ಧಾರಾವಾಹಿಯ ನಿರ್ದೇಶಕ ಸೈ ಗೆಲ್ಬರ್ ಒಂದು ಪಾತ್ರ ತಂದ. ಊರಿನ ತಂತಿ ಆಫೀಸಿನ ಗುಮಾಸ್ತ. ಬೂದುಬಣ್ಣದ ವೇಸ್ಟ್‌ಕೋಟು, ಕನ್ನಡಕ, ಮೀಸೆಯೂ ಇಲ್ಲ, ಕುದುರೆಯೂ ಇಲ್ಲ. ಕೂತಲ್ಲೇ ಕೆಲಸ!

"ಕಳ್ಳರು ಕಿಟಕಿಯಿಂದ ನಿಂಗೆ ಗುಂಡು ಹೊಡೀತಾರೆ. ಗುಂಡು ಗೋಡೆಗೆ ತಾಗುತ್ತೆ, ನಿಂಗಲ್ಲ," ಎಂದು ಸೈ ಬಿಡಿಸಿ ಹೇಳಿದ. "ನೀನು ಬೆವರ್ತಾ ಬೆವರ್ತಾ ತಂತಿ ಕಳಿಸಿ ಊರನ್ನ ಉಳಿಸ್ತೀಯ. ಜನಕ್ಕೆ ಹಿಡಿಸಿದ್ರೆ ಪ್ರತಿ ವಾರ ನೀನಿರ್ತೀಯ. ತಿಳೀತಾ ಮಾರಾಯಾ? ಬದುಕಿರ್ತೀಯ!"

ಐಲೀನ್ ಅಂದು ಆಪಲ್ ಪೈ ಮಾಡಿದಳು, ಬೀದಿಗೆಲ್ಲ ಸುದ್ದಿ ಹಂಚಿದಳು. ಎದುರುಮನೆಯ ಹ್ಯಾಲೊರನ್ ಮುದುಕಿಯಂತೂ ಬೇಲಿಯ ಆಚೆಯಿಂದಲೇ ಶಿಲುಬೆಯ ಗುರುತು ಮಾಡಿಕೊಂಡು, "ಸದ್ಯ, ದೇವ್ರು ದೊಡ್ಡೋನು ಕಣಮ್ಮ, ಇನ್ಮೇಲಾದ್ರೂ ನಿನ್ ಗಂಡನ್ನ ನೆಟ್ಟಗೆ ನೋಡ್ಬೋದು," ಎಂದಳು.

ಚಿತ್ರೀಕರಣದ ಕೊನೆಯ ದಿನ ಐಲೀನ್ ವಾಂಡಾಳನ್ನೂ ಕರೆದುಕೊಂಡು ನೋಡಲು ಹೋದಳು. ಚಾಟ್ಸ್‌ವರ್ತಿನ ಕೆಂಪು ಬಂಡೆಗಳ ಕೆಳಗೆ ಚಿತ್ರೀಕರಣಕ್ಕೆಂದೇ ಕಟ್ಟಿದ ಹಲಗೆಯ ಊರು. ಹೊತ್ತು ಇಳಿಯುತ್ತಿತ್ತು. ತಂತಿ ಆಫೀಸಿನ ಕಿಟಕಿಗೆ ಮೈಗೆ ಚುಚ್ಚದಂತೆ ಸಕ್ಕರೆಯಿಂದ ಮಾಡಿದ ಗಾಜು, ಅದೂ ಒಂದೇ ಒಂದು, ಒಡೆದರೆ ಮುಗಿಯಿತು. ಬೆಳಿಗ್ಗೆಯಾದರೆ ಇದೇ ಬೀದಿಗೆ ಬೇರೊಂದು ಧಾರಾವಾಹಿಯವರು ಬಂದು ಬಿಡಾರ ಹೂಡುವವರಿದ್ದರು. ಒಂದೇ ಸಲಕ್ಕೆ ಆಗಬೇಕು ಎಂದು ಸೈ ಎಲ್ಲರಿಗೂ ಗದರಿಸಿ ಹೇಳಿದ.

ಡೆಲ್ಮಾರ್ ಕನ್ನಡಕ ಏರಿಸಿಕೊಂಡು ತಂತಿಯಂತ್ರದ ಕೀಲಿಯನ್ನು ಟಕಟಕ ಒತ್ತುತ್ತಿದ್ದ. ಎಷ್ಟು ಚೆನ್ನಾಗಿ ಮಾಡುತ್ತಿದ್ದ ಎಂದರೆ ಐಲೀನ್‌ಗೆ ಅವನು ತನ್ನ ಗಂಡ ಎಂಬುದೇ ಮರೆತುಹೋಗಿತ್ತು. ಆಗ ಹೊರಗಿನಿಂದ ಢಮಾರ್! ಗಾಜು ಪುಡಿಪುಡಿಯಾಯಿತು. ಡೆಲ್ಮಾರ್ ಎದೆಗೆ ಕೈಯೊತ್ತಿ, ಅರೆಗಳಿಗೆ ಎದ್ದು ಕಾಲ್ಬೆರಳ ಮೇಲೆ ನಿಂತು, ಕುರ್ಚಿಯನ್ನೂ ಸೇರಿಸಿಕೊಂಡು ದೊಪ್ಪೆಂದು ಹಿಂದಕ್ಕೆ ಬಿದ್ದ. ಅಷ್ಟು ಸೊಗಸಾದ ಸಾವನ್ನು ಅವನು ಹಿಂದೆಂದೂ ಸತ್ತಿರಲಿಲ್ಲ.

'ಕಟ್' ಅನ್ನುವವರೆಗೆ ಸತ್ತವನು ಅಲುಗಕೂಡದು, ಸೈ 'ಕಟ್' ಅನ್ನುವುದನ್ನೇ ಮರೆತು ನಿಂತಿದ್ದ. ಡೆಲ್ಮಾರ್ ಕಣ್ಣು ತೆರೆದುಕೊಂಡೇ ಬಿದ್ದಿದ್ದ. ತಾನು ಮಾಡಿದ್ದೇನು ಎಂಬುದು ಆ ಕಣ್ಣಿಗೆ ಹೊಳೆದದ್ದನ್ನು ಐಲೀನ್ ದೂರದಿಂದಲೇ ಕಂಡಳು. ಕಣ್ಣಂಚಿನಿಂದ ನೀರು ಜಾರಿ ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳುವಂತಿರಲಿಲ್ಲ, ಪಾಪ.

"ಮಮ್ಮಿ, ಅವ್ರು ಗುಂಡು ತಾಗಲ್ಲ ಅಂದಿದ್ರಲ್ಲಾ?" ಎಂದು ವಾಂಡಾ ಅಳುಮೋರೆ ಮಾಡಿದಳು.

ಸೈ ಕೊನೆಗೆ ಟೋಪಿ ತೆಗೆದು ನೆಲಕ್ಕೆ ಬಡಿದ. "ಯಾಕೋ ಬಿದ್ದೆ? ಯಾಕೋ ಬಿದ್ದೆ, ಪುಣ್ಯಾತ್ಮ?"

"ಸದ್ದು ಕೇಳಿಸ್ತು," ಎಂದ ಡೆಲ್ಮಾರ್. ಬೇರೇನು ಹೇಳಿಯಾನು?

ಬೇರೆ ಗಾಜಿರಲಿಲ್ಲ, ಬೆಳಕೂ ಇರಲಿಲ್ಲ. ಸೈ ನಿಂತ ನಿಲುವಿನಲ್ಲೇ ಕಥೆ ತಿದ್ದಿದ. ಗುಮಾಸ್ತ ಸತ್ತ, ತಂತಿಯನ್ನು ಮಾರ್ಷಲ್ಲೇ ಬಂದು ಕಳಿಸಿದ.

ಆ ಕಂತು ಬಂದ ಗುರುವಾರ ಐಲೀನ್ ಟೀವಿಯ ಹತ್ತಿರವೂ ಸುಳಿಯಲಿಲ್ಲ. ಡೆಲ್ಮಾರ್ ಅಡುಗೆಮನೆಯಲ್ಲಿ ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಕಾರ್ಯಕ್ರಮ ಮುಗಿದು ಐದು ನಿಮಿಷ ಆಗಿರಲಿಲ್ಲ, ಯಾರೋ ಬಾಗಿಲು ತಟ್ಟಿದರು. ಹ್ಯಾಲೊರನ್ ಮುದುಕಿ! ತಲೆಗೆ ಕರಿ ಬಟ್ಟೆ, ಎರಡೂ ಕೈಯಲ್ಲಿ ಬಟ್ಟೆ ಮುಚ್ಚಿದ ಬಿಸಿ ಪಾತ್ರೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಆ ಬೀದಿಯ ಹೆಂಗಸರು ಒಯ್ಯುತ್ತಿದ್ದರಲ್ಲ, ಅದೇ ಕೋಳಿ, ನೂಡಲ್ಸು, ಚೀಸು ಒಟ್ಟಿಗೆ ಬೇಯಿಸಿದ ಕ್ಯಾಸರೋಲು. ಬಾಗಿಲು ತೆಗೆದವನು ಡೆಲ್ಮಾರೇ.

"ಇದೇನಜ್ಜೀ ಇದು?"

"ನಂಗೊತ್ತು ಕಣಪ್ಪಾ, ನೀನು ಬದುಕೇ ಇದೀಯ. ನಂಗೇನು ಅರಳುಮರಳಾ?" ಎಂದು ಮುದುಕಿ ಸಿಡುಕಿದಳು. "ಆದ್ರೂ ಆ ಗುಮಾಸ್ತ ಒಳ್ಳೇ ಮನುಷ್ಯ ಕಣೋ. ಮನಸ್ಸು ತಡೀಲಿಲ್ಲ. ತಗೋ, ಬಿಸಿ ಇದ್ದಾಗ್ಲೇ ತಿನ್ನು."

ಅವಳ ಹಿಂದೆಯೇ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಮೇಜಿನ ಮೇಲೆ ಜಾಗ ಸಾಲದೆ ಹಂದಿಮಾಂಸದ ಹ್ಯಾಮನ್ನು ಇಸ್ತ್ರಿ ಹಲಗೆಯ ಮೇಲೆ ಇಟ್ಟರು. ಎಲ್ಲರೂ ಹೋದಮೇಲೆ ಡೆಲ್ಮಾರ್ ಆ ಪಾತ್ರೆಗಳ ನಡುವೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. "ಬರೀ ಸಾಯೋದನ್ನೇ ಕಲಿತೆ ಕಣೇ. ಬದುಕೋಕೆ ಅಂತ ಕೂರಿಸಿದ್ರೆ ಅದೇ ಬರ್ಲಿಲ್ಲ ನಂಗೆ."

ಐಲೀನ್ ಅವನ ನೋಯುವ ಹೆಗಲನ್ನು ತಿಕ್ಕುತ್ತಾ ನಿಂತಳು.

ಸೋಮವಾರ ಬೆಳಗ್ಗೆ ಫೋನು ಬಂತು. ಬೇರೊಂದು ಕಂಪನಿಯ ಪಾತ್ರಧಾರಿಗಳನ್ನು ಆರಿಸುವ ಆಫೀಸು. ಹೋಟೆಲಿನ ಸೂರಿನಿಂದ ಬೀಳಲು ಆಳು ಬೇಕು, ನಾಳೆಯೇ; ಪ್ರೂಯಿಟ್ ಬಿಡುವಾಗಿದ್ದಾರಾ? ಡೆಲ್ಮಾರ್ ಉಳಿದ ಕ್ಯಾಸರೋಲು ತಿನ್ನುತ್ತಿದ್ದ. ಕೇಳಿದರೆ ಹೂಂ ಅನ್ನುತ್ತಾನೆ, ಅನ್ನದೇ ಇರಲು ಅವನಿಗೆ ಗೊತ್ತೇ ಇಲ್ಲ, ಅದು ಐಲೀನ್‌ಗೆ ಗೊತ್ತು. ಸೂರು ಎಷ್ಟು ಎತ್ತರವೋ ಏನೋ! ಅವಳು ಫೋನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲ. ಅವ್ರು ಮೊನ್ನೆ ಗುರುವಾರ ತೀರ್ಕೊಂಡ್ರು."

ಹೇಳಿಬಿಟ್ಟಳು. ಆಚೆಯವರು ಹೇಳಿದ್ದಕ್ಕೆಲ್ಲ ಹೂಂ, ಹೂಂ ಎಂದು ಫೋನಿಟ್ಟಳು. ಗಂಡನ ಅನ್ನವನ್ನು ತಾನೇ ಕಿತ್ತುಕೊಂಡೆನೇ? ಇನ್ನು ಈ ಜನ್ಮದಲ್ಲಿ ತನ್ನ ಮುಖ ನೋಡುತ್ತಾನೋ ಇಲ್ಲವೋ? ಡೆಲ್ಮಾರ್‌ನ ಚಮಚ ಅರ್ಧದಲ್ಲೇ ನಿಂತಿತ್ತು.

"ಏನಂದ್ರು?" ಎಂದು ಚಮಚ ಕೆಳಗಿಟ್ಟು ಕೇಳಿದ.

"ಪಾಪ ಅಂದ್ರು. ಒಳ್ಳೇ ಮನುಷ್ಯ, ಹೀಗಾಗ್ಬಾರ್ದಿತ್ತು ಅಂದ್ರು."

"ಅಷ್ಟೇನಾ?"

ಐಲೀನ್ ಸುಳ್ಳು ಹೇಳಬಹುದಿತ್ತು. ಅವತ್ತಿಗೆ ಒಂದು ಸುಳ್ಳು ಸಾಕೆನಿಸಿತು.

"ಸೂರಿಂದ ಬೀಳೋರು ಬೇರೆ ಯಾರಾದ್ರೂ ಗೊತ್ತಿದ್ರೆ ನಂಬರ್ ಕೊಡ್ತೀರಾ ಅಂದ್ರು."

ಡೆಲ್ಮಾರ್ ಅವಳನ್ನೇ ನೋಡಿದ. ಆಮೇಲೆ ಪಕ್ಕದ ಕುರ್ಚಿಯನ್ನು ಕಾಲಿನಿಂದ ಈಚೆಗೆ ತಳ್ಳಿ, "ಬಾ, ಕೂತ್ಕೋ, ನೀನೂ ತಿಂದಿಲ್ಲ," ಎಂದ.