ಹಾಲಿಲ್ಲದ ಹೋಟೆಲಿನಲ್ಲಿ ನಾನು ಹಾಕಿದ ತುಪ್ಪ

ಸಾರಿಗೆ ತುಪ್ಪ ಹಾಕಿದವಳು ನಾನು, ರತ್ನ. ನೀನಲ್ಲ. ಗಿರಾಕಿಗಳ ಎದುರಿಗೆ ನಿನ್ನ ಮೇಲೆ ಅದನ್ನು ಹೊರಿಸಿದವಳೂ ನಾನೇ. ನಾಲ್ಕು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ಓಡಾಡಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ —

ನನ್ನ ವಿಷಯ ನಿನಗೆ ಗೊತ್ತು. ಗೊತ್ತಿಲ್ಲದವರೂ ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ, ಹಾಗಾಗಿ ಹೇಳುತ್ತೇನೆ. ಅರಸೀಕೆರೆಯಲ್ಲಿ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ ಆಗಿದ್ದೆ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ತಪ್ಪು ಮಾಡಿದವಳು ತಾನಾಗಿ ಮುಂದೆ ಬರುವ ತನಕ ಇಡೀ ಸಾಲನ್ನು ಬಡಿಸಿದ ತಟ್ಟೆಯ ಮುಂದೆ ಕಾಯಿಸುತ್ತಿದ್ದೆ. ನಿವೃತ್ತಳಾಗಿ ಹಳೇಬೀಡಿಗೆ ಬಂದ ಮೇಲೆ ಗಂಟೆಯೂ ಇಲ್ಲ, ಸಾಲೂ ಇಲ್ಲ. ಆಗಲೇ ನಮ್ಮ ಬೀದಿಯಲ್ಲಿ ಸುಮತಿ ತನ್ನ ಕೆಫೆ ತೆರೆದಳು, ಅಡುಗೆಗೆ ಹುಲಿಕೆರೆಯಿಂದ ನೀನು ಬಂದೆ.

ಹಳೆಯ ಮನೆಯ ಪಡಸಾಲೆ, ಬೆತ್ತದ ಕುರ್ಚಿಗಳು, ಜಗಲಿಯ ಮೇಲೆ ಕೌದಿ. ತೆಂಗಿನಹಾಲಿನ ಕಾಫಿ, ಕಡಲೆಕಾಯಿ ಅರೆದು ಹೆಪ್ಪು ಹಾಕಿದ ಮೊಸರು, ಮಧ್ಯಾಹ್ನಕ್ಕೆ ಅನ್ನ, ಬೇಳೆಸಾರು. ಹಸುವಿನಿಂದ ಬಂದದ್ದು ಏನೂ ಇಲ್ಲ. ಬೀದಿಯ ಗಂಡಸರಿಗೆ ಅದೊಂದು ತಮಾಷೆ. "ಏನ್ಲಾ, ಹಾಲಿಲ್ದೆ ಕಾಫಿ ಕೊಡ್ತಾಳಂತೆ, ನಾಳೆ ನೀರೂ ಇಲ್ದೆ ಕೊಟ್ಟಾಳು ಕಣ್ಲಾ" ಎಂದು ನಗುತ್ತಿದ್ದವರೇ ವಾರ ಕಳೆಯುವುದರೊಳಗೆ ಒಳಗೆ ಬಂದು ಕೂತರು. ದೇವಸ್ಥಾನ ಸುತ್ತಿ ದಣಿದು ಬಂದವರಂತೂ ಕೌದಿಯ ಮೇಲೆ ಕಾಲು ಮಡಚಿ ಕೂತರೆ ಏಳುತ್ತಿರಲಿಲ್ಲ. ಅಲ್ಲಿ ಸುಮ್ಮನೆ ಕೂರಲಾಗದವಳು ನಾನೊಬ್ಬಳೇ. ಒಳಗೆ ಬಂದು ಡಬ್ಬಿಗಳನ್ನು ಸಾಲಾಗಿಟ್ಟೆ, ಒರೆಸುವ ಬಟ್ಟೆಗಳನ್ನು ಬೇರೆ ಮಾಡಿದೆ, ಸಾರಿನ ಉಪ್ಪು ನೋಡತೊಡಗಿದೆ. ನೀನು ಬೇಸರಪಡಲಿಲ್ಲ. "ನಮ್ಮ ಹಸ ಕೇಳ್ತು ಮೇಡಮ್ಮೋರೆ, ನಿಮ್ಮಂಗ್ಡೀಲಿ ನಂಗೆ ಪರ್ಮನೆಂಟ್ ರಜಾನಾ ಅಂತ" ಎಂದು ನನ್ನನ್ನೂ ನಗಿಸಿದೆ.

ಸುಮತಿ ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. ಗಂಡಸಿ ಊರಿನ ಅವಳ ತವರುಮನೆಯಲ್ಲಿ ಕರು ಸತ್ತಾಗ, ಹಸು ಹಾಲು ಇಳಿಸಲಿ ಎಂದು ಆ ಕರುವಿನ ತೊಗಲಿಗೆ ಹುಲ್ಲು ತುಂಬಿ ಎದುರು ನಿಲ್ಲಿಸಿದ್ದರಂತೆ. ತಾಯಿ ಅದನ್ನು ನೆಕ್ಕುತ್ತಾ ಹಾಲು ಕೊಟ್ಟಿತಂತೆ. "ಅವತ್ತೇ ಕೊನೆ ಆಂಟಿ. ಇಲ್ಲಿ ತಿನ್ನೋರಿಗೂ ಅದೇ ಮಾತು ಕೊಟ್ಟಿದೀನಿ" ಎಂದಳು.

ಅದನ್ನು ಕೇಳಿದ ಮೇಲೂ — ಹೌದು, ಕೇಳಿದ ಮೇಲೂ.

ನಮ್ಮ ಮನೆಯಲ್ಲಿ ಎಲೆಗೆ ಅನ್ನ ಬಿದ್ದೊಡನೆ ಅದರ ಮೇಲೆ ಒಂದು ಹನಿ ತುಪ್ಪ ಬೀಳಬೇಕು. ಅನ್ನಶುದ್ಧಿ ಎನ್ನುತ್ತೇವೆ. ತುಪ್ಪ ಬೀಳದ ಅನ್ನಕ್ಕೆ ಕೈ ಹಾಕಿದರೆ ನನ್ನ ತಾಯಿ ಕೈ ಮೇಲೆ ಹೊಡೆಯುತ್ತಿದ್ದಳು. ಆ ಕೆಫೆಯಲ್ಲಿ ಅಷ್ಟು ಜನ ಹಾಗೇ ಉಂಡು ಏಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಾತ್ರೆಗಳ ಚೀಲದಲ್ಲಿ ಒಂದು ಪುಟ್ಟ ಶೀಶೆ ತಂದೆ. ನೀನು ಹಿತ್ತಲಿಗೆ ಹೋದಾಗ ಸಾರಿಗೆ ಒಂದು ಹನಿ ಬಿಟ್ಟೆ. ಯಾರಿಗೂ ಕೇಡಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಜನ ಸಾರನ್ನು ಹೊಗಳಿದರು. ಸುಮತಿ ಹಿಗ್ಗಿದಳು, ತಾನೂ ಬಟ್ಟಲಿಗೆ ಹಾಕಿಕೊಂಡು ಕುಡಿದಳು — ನಾನು ನೋಡುತ್ತಾ ನಿಂತಿದ್ದೆ. ಹನಿ ಚಮಚವಾಯಿತು.

ಚಳಿಗಾಲದ ಒಂದು ಬೆಳಿಗ್ಗೆ ಹಿಂದಿನ ದಿನ ಉಳಿದ ಸಾರಿನ ಮುಚ್ಚಳ ತೆಗೆದ ಸುಮತಿ ಹಾಗೇ ನಿಂತಳು. ಮೇಲೆ ಹಳದಿ ಹರಳು ಕಟ್ಟಿತ್ತು. ಅಲ್ಲಿ ಬಳಸುತ್ತಿದ್ದದ್ದು ಕಡಲೆಕಾಯಿ ಎಣ್ಣೆ, ಅದು ಹಾಗೆ ಕಟ್ಟುವುದಿಲ್ಲ. ಬೆರಳಲ್ಲಿ ತೆಗೆದು ಮೂಸಿದಳು. ನುಗ್ಗೆಸೊಪ್ಪು ಹಾಕಿ ಕಾಯಿಸಿದ ತುಪ್ಪ. ನಮ್ಮ ಬೀದಿಯಲ್ಲಿ ಆ ತುಪ್ಪ ಮಾರುತ್ತಿದ್ದವಳು ನೀನು.

"ಯಾರು ಹಾಕಿದ್ದು ರತ್ನ?"

"ದೇವ್ರಾಣೆ ನಾನಲ್ಲ ಕಣಕ್ಕ. ಮನೆ ತುಪ್ಪ ಮನೇಲೇ ಐತೆ, ಒಂದಿನ ಈ ಹೊಸ್ಲು ದಾಟ್ಸಿಲ್ಲ." ಕಾಫಿಗೆ ಬಂದವರು ಬಾಗಿಲಲ್ಲಿ ಇಣುಕುತ್ತಿದ್ದರು. ನೀನು ನನ್ನ ಕಡೆ ತಿರುಗಿದೆ. "ಮೇಡಮ್ಮೋರೆ, ನೀವು ದಿನಾ ಇಲ್ಲೇ ಇರ್ತೀರಲ್ಲ, ನೀವೇ ಹೇಳ್ರಿ."

ನಾನು ಹೇಳಿದೆ: "ಮನೇಲಿ ಹಸು ಕಟ್ಟಿರೋರ ಕೈ ಸುಮತಿ. ತುಪ್ಪ ಹಾಕಿದ್ದು ಆ ಕೈಗೇ ಗೊತ್ತಾಗಲ್ಲ."

ದನಿ ನಡುಗಲಿಲ್ಲ. ಅದೇ ವಾರ್ಡನ್ ದನಿ, ತೀರ್ಪು ಕೊಡುವ ದನಿ. ಸುಮತಿಯ ಕಣ್ಣಲ್ಲಿ ನೀರು ತುಂಬಿತು. ನೀನು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದೆ. ಆ ತುಪ್ಪವನ್ನು ನಿನ್ನಿಂದ ತಪ್ಪದೆ ಕೊಳ್ಳುತ್ತಿದ್ದವಳು ನಾನಲ್ಲವೇ — ಅದು ಆ ಕ್ಷಣ ನಿನಗೆ ಹೊಳೆಯಿತೇ? ಹೊಳೆದೂ ಬಾಯಿ ಬಿಡಲಿಲ್ಲವೇ? ಇಲ್ಲ, ಹೊಳೆದಿರಲಾರದು... ಹೊಳೆದಿತ್ತು. ನಾಲ್ಕು ವರ್ಷದಿಂದ ನಾನು ಇದರಲ್ಲೇ ಸುತ್ತುತ್ತಿದ್ದೇನೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೋದೆ.

ಕೈ ಶುದ್ಧವಿಲ್ಲದವಳು ಎಂಬ ಮಾತು ನಿನಗಿಂತ ಮೊದಲೇ ಊರೂರು ತಲುಪಿತು. ಬೇಲೂರಿನ ಒಂದು ಛತ್ರದಲ್ಲಿ ನಿನ್ನನ್ನು ಪಾತ್ರೆ ತೊಳೆಯಲು ಇಟ್ಟುಕೊಂಡಿದ್ದಾರೆ, ಒಲೆಯ ಹತ್ತಿರ ಬಿಡುವುದಿಲ್ಲ ಎಂದು ಕೇಳಿದ್ದೆ. ಹೋದ ತಿಂಗಳು ಅಲ್ಲಿಯ ಬಸ್ ನಿಲ್ದಾಣದಲ್ಲಿ ನಿನ್ನನ್ನು ಕಂಡು ಕಂಬದ ಹಿಂದೆ ಸರಿದೆ. ನೀನೇ ಹುಡುಕಿಕೊಂಡು ಬಂದೆ. "ಮಂಡಿ ನೋವು ಹೆಂಗೈತೆ ಮೇಡಮ್ಮೋರೆ? ತೆಳ್ಳಗಾಗಿಬಿಟ್ಟಿದ್ದೀರಿ." ನೀರಲ್ಲಿ ನೆನೆದು ನೆನೆದು ನಿನ್ನ ಬೆರಳ ಸಂದಿಯೆಲ್ಲ ಬಿಳಚಿ ಬಿರಿದಿತ್ತು. ಆ ಕೈಯಿಂದಲೇ ನನ್ನ ಚೀಲ ಹಿಡಿದು ಬಸ್ಸು ಹತ್ತಿಸಿದೆ.

ಅವತ್ತಿನಿಂದ ನನ್ನ ದಿನಚರಿಯೇ ಕೆಟ್ಟಿದೆ. ನಡೆಯಲು ಹೊರಟು ಅರ್ಧದಲ್ಲೇ ತಿರುಗುತ್ತೇನೆ, ಸ್ನಾನ ಮುಗಿಸಿ ಸ್ನಾನವಾಯಿತೇ ಎಂದು ಯೋಚಿಸುತ್ತೇನೆ. ನಿನ್ನೆ ಕೆಫೆ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಸುಮತಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ತಿರುವುತ್ತಲೇ ಕೇಳಿದಳು.

"ನಾನೂ ಕುಡಿದೆ ಅಲ್ವಾ ಆಂಟಿ, ಆ ಸಾರು."

"ಹೌದು."

"ಅವಳ ಮಾತು ನಾನು ನಂಬಲಿಲ್ಲ." ಸೌಟು ಕೆಳಗಿಟ್ಟಳು. "ನೀವು ಹೋಗಿ. ನನ್ನ ತಪ್ಪು ನಾನೇ ಹೋಗಿ ಹೇಳ್ಕೋತೀನಿ. ನಿಮ್ಮ ಜೊತೆ ಬರಲ್ಲ."

ಹಳೆಯ ಕಾಲದವಳು, ನಂಬಿಕೆಯಿಂದ ಮಾಡಿದೆ ಎಂದು ನಾನು ನಿನ್ನ ಮುಂದೆ ಹೇಳುವುದಿಲ್ಲ. ತುಪ್ಪ ಹಾಕಿದ್ದಕ್ಕೆ ಬೇಕಾದರೆ ಆ ಮಾತು ಸಾಕಾದೀತು. ಅದನ್ನು ನಿನ್ನ ಮೇಲೆ ಹೊರಿಸಿದ್ದಕ್ಕೆ ಸಾಲದು. ಅಲ್ಲಿ ಇದ್ದದ್ದು ಬರೀ ಹೆದರಿಕೆ — ನನ್ನ ಮರ್ಯಾದೆ ಹೋಗುತ್ತದೆಂಬ ಹೆದರಿಕೆ.

ನಾಳೆ ಛತ್ರಕ್ಕೆ ಬರುತ್ತೇನೆ. ಮದುವೆಯಿದೆಯಂತೆ, ಅಡುಗೆಯವರು, ಬಡಿಸುವವರು ಎಲ್ಲರೂ ಇರುತ್ತಾರೆ. ನಿನ್ನನ್ನು ಹೊರಗೆ ಕರೆದು ಕಿವಿಯಲ್ಲಿ ಹೇಳುವುದಿಲ್ಲ. ನಿನ್ನನ್ನು ಒಲೆಯಿಂದ ದೂರ ಇಟ್ಟವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ. ನೀನು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಬೇಕಾಗಿಲ್ಲ. ಕ್ಷಮಿಸು ಎಂದು ನಾನು ಕೇಳುವುದೂ ಇಲ್ಲ.