ಹಿಡಕಲ್ ಗುಡ್ಡದ ನಾಲ್ಕನೇ ಕಲ್ಲು

ಗ್ಯಾಸ್ ಸೋರಿದರೆ ಮೂಗಿನಿಂದಲೇ ಪತ್ತೆ ಹಚ್ಚುವವನು ನಾನು. ಗೋಕಾಕದ ಪೇಟೆಯಲ್ಲಿ ಒಲೆ ರಿಪೇರಿ ಅಂಗಡಿ ಇಟ್ಟುಕೊಂಡೇ ತಲೆ ಬೆಳ್ಳಗಾಗಿದೆ. ಇಲ್ಲದ ವಾಸನೆ ಬಂತು ಎನ್ನುವ ಮೂಗಾಗಿದ್ದರೆ ನನ್ನ ಹೊಟ್ಟೆಪಾಡೇ ನಡೆಯುತ್ತಿರಲಿಲ್ಲ. ಹೋದ ಆಷಾಢದಲ್ಲಿ ಹಿಡಕಲ್ ಹಿನ್ನೀರಿನ ಮೇಲಿನ ಗುಡ್ಡದಲ್ಲಿ ಬಂದ ವಾಸನೆ ಖರೆ, ಕೇಳಿದ ಸಪ್ಪಳವೂ ಖರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲು ಬೀರಪ್ಪನ ವಿಷಯ ಹೇಳಬೇಕು. ಮೇಲವಂಕಿಯವನು, ಕುರಿ ಕಾಯುವ ಮನೆತನ. ಕುರಿ ಮಾರಿ ಕಬ್ಬು ಹಚ್ಚಿದ್ದರೂ ಹೆಗಲ ಮೇಲಿನ ಕಂಬಳಿ ಮಾತ್ರ ಇಳಿದಿರಲಿಲ್ಲ. ಒಲೆ ರಿಪೇರಿಗೆಂದು ಬಂದವನು ಗೆಳೆಯನಾದ. ಮೂರ್ನಾಲ್ಕು ತಿಂಗಳಿಗೊಮ್ಮೆ ಇಬ್ಬರೂ ಬೈಕ್ ಹತ್ತಿ ಆ ಗುಡ್ಡಕ್ಕೆ ಹೋಗಿ, ಚಹ ಕಾಯಿಸಿ ಕುಡಿದು, ರಾತ್ರಿ ಅಲ್ಲೇ ಮಲಗಿ ಬರುತ್ತಿದ್ದೆವು. "ಮನ್ಯಾಗ ಚಾ ಇಲ್ಲೇನ್ರಿ ನಿಮಗ?" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಇತ್ತು. ಆದರೆ ಬೀರಪ್ಪ ಇರಲಿಲ್ಲವಲ್ಲ.

ಅಲ್ಲಿ ಗಾಳಿ ಪಡುವಣದಿಂದ ನೀರಿನ ಮೇಲೆ ಹಾದು ನೇರ ಎದೆಗೆ ಬರುತ್ತದೆ. ಬೀರಪ್ಪ ಗಾಳಿಗೆ ಬೆನ್ನು ಕೊಟ್ಟು, ಕಂಬಳಿ ಅಗಲಿಸಿ ಕೂತುಬಿಡುತ್ತಿದ್ದ. ಅವನೇ ನಮ್ಮ ಗೋಡೆ. ಆದರೆ ಕೊನೆಯ ಸಲ ಆ ಗೋಡೆಯೂ ಸಾಲಲಿಲ್ಲ. ನನ್ನ ಹಳೆಯ ಸಣ್ಣ ಒಲೆಯ ಉರಿ ಪಾತ್ರೆಯ ತಳ ಬಿಟ್ಟು ಬರೀ ಪಕ್ಕಕ್ಕೆ ಮಲಗಿತು. ಡಬ್ಬಿಯ ಗ್ಯಾಸ್ ಮುಗಿಯಿತು, ನೀರು ಮಾತ್ರ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

"ಗೋಕಾಕದಾಗ ದೊಡ್ಡ ಮೇಸ್ತ್ರಿ ಅಂತ ನೀ!" ಎಂದು ಅವನು ಉಗುರುಬೆಚ್ಚನೆಯ ಚಹ ಚೆಲ್ಲಿದ. "ಮುಂದಿನ ಸಲ ನಾಲಿಗಿ ಸುಡುವಂಥಾ ಚಾ ಕುಡಸು. ಇಲ್ಲಂದ್ರ ನಾ ಬರಂಗಿಲ್ಲ ನೋಡು."

ಆ ಮುಂದಿನ ಸಲ ಬರಲಿಲ್ಲ. ಕಬ್ಬಿನ ಬದುವಿನ ಮೇಲೆ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ತಲೆ ಬೆಳ್ಳಗಾದ ನಾನು ಅಂದು ಅತ್ತೆ, ನಾಚಿಕೆ ಬಿಟ್ಟು ಅತ್ತೆ.

ಒಂದು ಬಿಸಿ ಚಹ ಬಾಕಿ ಉಳಿಯಿತು. ಆ ಗುಡ್ಡದಲ್ಲೇ ಕಾಯಿಸಿ ಅವನ ಹೆಸರಿನಲ್ಲಿ ಎಡೆ ಇಡಬೇಕು ಎಂದು ಹಠ ಹಿಡಿದೆ. ಹೊಸ ಒಲೆ ನೋಡಿದೆ. ಒಂದು, ಗ್ಯಾಸ್ ಡಬ್ಬಿಯ ತಲೆಯ ಮೇಲೇ ತಿರುಪಿ ಕೂರಿಸುವಂಥದ್ದು, ಅಂಗೈಯಷ್ಟು. ಇನ್ನೊಂದಕ್ಕೆ ನಳಿಕೆ ಇತ್ತು. ಉರಿ ನೆಲಕ್ಕೆ ಹತ್ತಿರ, ಡಬ್ಬಿ ದೂರ. ಗಾಳಿಗೆ ನಳಿಕೆಯದೇ ಒಳ್ಳೆಯದು ಎಂದು ಮಾರುವವರು ಹೇಳಿದರು. ಅವರು ನನಗೆ ಒಲೆ ಕಲಿಸಬೇಕೇ? ಹಗುರವಾದದ್ದನ್ನೇ ಆರಿಸಿದೆ.

ಹೊರಡುವ ದಿನ ಮೇಲವಂಕಿಗೆ ಹೋಗಿ ಬೀರಪ್ಪನ ಹೆಂಡತಿ ಲಕ್ಕವ್ವನಿಗೆ ವಿಷಯ ಹೇಳಿದೆ. ಆಕೆ ಒಳಗಿನಿಂದ ಅವನ ಸ್ಟೀಲ್ ಲೋಟ ತಂದು ನನ್ನ ಕೈಗಿಟ್ಟಳು.

"ಅವಗ ಆರಿದ ಚಾ ಸೇರತಿದ್ದಿಲ್ರಿ ಕಾಕಾ. ಬಿಸೀದ ಇಡ್ರಿ. ಎಡಿ ಇಟ್ಟ ಮ್ಯಾಲ ಹೊಳ್ಳಿ ನೋಡಬ್ಯಾಡ್ರಿ, ನಾವು ನೋಡಿದ್ರ ಅವರು ಮುಟ್ಟಂಗಿಲ್ಲ. ಬೆನ್ನ ಮಾಡಿ ಒಂದೀಟ ಕುಂಡ್ರಿ."

ಕತ್ತಲಾಗುವ ಹೊತ್ತಿಗೆ ಗುಡ್ಡದ ಮೇಲಿದ್ದೆ. ಕೆಳಗೆ ದೂರದಲ್ಲಿ ಅಣೆಕಟ್ಟಿನ ದೀಪಗಳು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ನೆಲವೂ ಒಣಗಿತ್ತು. ಬೀರಪ್ಪ ಕೂರುತ್ತಿದ್ದ ಜಾಗ ಖಾಲಿ… ಅಲ್ಲಿಂದಲೇ ಗಾಳಿ ನುಗ್ಗುತ್ತಿತ್ತು. ಒಬ್ಬ ಮನುಷ್ಯ ಎಷ್ಟು ಗಾಳಿ ತಡೆಯುತ್ತಿದ್ದ ಎಂದು ಅವತ್ತು ತಿಳಿಯಿತು.

ಒಲೆಯ ಗುಂಡಿ ಒತ್ತಿದರೆ ಕಟ್ ಕಟ್ ಎನ್ನುತ್ತದೆ, ಕಿಡಿ ನಿಲ್ಲುವುದಿಲ್ಲ. ಕಡ್ಡಿ ಗೀರಿದರೆ ಕಡ್ಡಿಯೂ ಆರುತ್ತದೆ. ಹತ್ತಿದಾಗ ಉರಿ ಅದೇ ಹಳೆಯ ಕಥೆ, ಪಕ್ಕಕ್ಕೆ ಮಲಗಿತು. ಡಬ್ಬಿ ತಣ್ಣಗಾದರೆ ಒಳಗಿನ ಗ್ಯಾಸಿನ ಒತ್ತಡ ಬೀಳುತ್ತದೆ. ಒಲೆ ಆರಿಸಿ, ಡಬ್ಬಿ ಬಿಚ್ಚಿ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ ಮತ್ತೆ ಹೊತ್ತಿಸಿದೆ. ಉಪಯೋಗವಿಲ್ಲ.

ಕೊನೆಗೆ ಕಲ್ಲು ಹುಡುಕಿದೆ. ಮೊಳಕಾಲೆತ್ತರದ ಮೂರು ಚಪ್ಪಟೆ ಕಲ್ಲುಗಳನ್ನು ಮೂರು ಕಡೆ ನಿಲ್ಲಿಸಿದೆ. ಉರಿ ಎದ್ದು ಕೂತಿತು, ಆದರೂ ತುಸು ಅಲುಗಾಡುತ್ತಿತ್ತು. ನಾಲ್ಕನೆಯದನ್ನು ತಂದು ಮೂಡಣದ ಬಾಯಿಯನ್ನೂ ಮುಚ್ಚಿದೆ. ಈಗ ಉರಿ ನೆಟ್ಟಗೆ ನಿಂತು ಸುಂಯ್ ಎಂದು ಹಾಡಿತು. "ನೋಡಪಾ ಬೀರಪ್ಪ, ಮೇಸ್ತ್ರಿ ಕೆಲಸ!" ಎಂದು ಜೋರಾಗಿ ಹೇಳಿದೆ. ಉತ್ತರಕ್ಕೆ ಗಾಳಿ ಒಂದೇ.

ಚಹ ಕುದಿಯಿತು. ಅವನ ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಅವನು ಕೂರುವ ಜಾಗದಲ್ಲಿಟ್ಟೆ. ನನಗಾಗಿ ಇನ್ನಷ್ಟು ನೀರನ್ನು ಒಲೆಯ ಮೇಲಿಟ್ಟು ತಿರುಪು ಪೂರ್ತಿ ತಿರುಗಿಸಿ ಉರಿ ಹೆಚ್ಚಿಸಿದೆ. ನಂತರ ಲಕ್ಕವ್ವ ಹೇಳಿದಂತೆ ಆರೇಳು ಹೆಜ್ಜೆ ಸರಿದು ಬೆನ್ನು ಮಾಡಿ ಕೂತೆ.

ಎಂಥ ಒಂಟಿತನ ಅದು… ಚಹ ಬೆನ್ನ ಹಿಂದೆ, ಗೆಳೆಯ ಮಣ್ಣಿನಲ್ಲಿ, ನಾನು ಗುಡ್ಡದ ತುದಿಯಲ್ಲಿ.

ಆಗ ಕೇಳಿಸಿತು. ಗರ್ರ್‌ರ್… ಕಲ್ಲು ನೆಲಕ್ಕೆ ಉಜ್ಜಿದ ಸಪ್ಪಳ.

ಎಡೆ ಇಟ್ಟ ಮೇಲೆ ತಿರುಗಬಾರದು. ತಡೆದುಕೊಂಡೆ. ಆದರೆ ಒಲೆಯ ಸದ್ದು ಬದಲಾಯಿತು, ಉರಿ ಫಡಫಡ ಎಂದಿತು. ಹಾಳಾಗಲಿ ಎಂದು ತಿರುಗಿದೆ. ನಾಲ್ಕನೇ ಕಲ್ಲು ಬಿದ್ದಿತ್ತು. ಸರಿಯಾಗಿ ನಿಲ್ಲಿಸಿರಲಿಕ್ಕಿಲ್ಲ ಎಂದುಕೊಂಡು ಎತ್ತಿ ಮತ್ತೆ ಮುಚ್ಚಿದೆ. ಈ ಸಲ ಬುಡಕ್ಕೆ ಸಣ್ಣ ಕಲ್ಲು ಒತ್ತಿ ಬಿಗಿ ಮಾಡಿದೆ. ಮತ್ತೆ ಹೋಗಿ ಬೆನ್ನು ಮಾಡಿದೆ.

ಸ್ವಲ್ಪ ಹೊತ್ತಿಗೆ ನನ್ನ ಮೂಗಿಗೆ ವಾಸನೆ ಬಂತು. ಗ್ಯಾಸಿನದಲ್ಲ. ನೆನೆದ ಉಣ್ಣೆ. ಮಳೆಯಲ್ಲಿ ತೊಯ್ದ ಕಂಬಳಿಯ ವಾಸನೆ… ಮಳೆಯೇ ಇಲ್ಲದ ಗುಡ್ಡದ ಮೇಲೆ.

ಇನ್ನೊಂದು ಗಮನಿಸಿದೆ. ನನ್ನ ಬೆನ್ನಿಗೆ ಬಡಿಯುತ್ತಿದ್ದ ಗಾಳಿ ನಿಂತಿತ್ತು. ಎರಡೂ ಪಕ್ಕದ ಹುಲ್ಲು ಮಾತ್ರ ಬಾಗಿ ಬಾಗಿ ಏಳುತ್ತಿತ್ತು.

"ಯಾರ್ರೀ?" ಎಂದೆ.

ಗರ್ರ್‌ರ್… ಮತ್ತೆ ಅದೇ. ಈ ಸಲ ಅವಸರದಲ್ಲಿ, ಸಿಟ್ಟಿನಲ್ಲಿ ಎಳೆದ ಹಾಗೆ.

ತಿರುಗಿದೆ. ಯಾರೂ ಇಲ್ಲ. ನಾಲ್ಕನೇ ಕಲ್ಲು ಬಿದ್ದಿರಲಿಲ್ಲ. ಒಲೆಯಿಂದ ಎರಡು ಮಾರು ದೂರದಲ್ಲಿ, ಕೂರಲು ಇಟ್ಟ ಮಣೆಯಂತೆ ಅಂಗಾತ ಇತ್ತು. ನಾನು ಬುಡಕ್ಕೆ ಒತ್ತಿದ ಸಣ್ಣ ಕಲ್ಲು ಅದರ ಮೇಲೆ ಕೂತಿತ್ತು.

ಓಡಬೇಕು ಎನಿಸಿತು. ಆದರೆ ಉರಿಯುವ ಒಲೆ ಬಿಟ್ಟು ಓಡುವುದು ನನ್ನ ಜನ್ಮದಲ್ಲಿಲ್ಲ. ಬಗ್ಗಿ ತಿರುಪಿಗೆ ಕೈ ಹಾಕುವಾಗ ಬೆರಳು ಡಬ್ಬಿಗೆ ತಾಗಿತು… ಕಾದ ಹಂಚು! ಬೊಬ್ಬೆ ಎದ್ದ ಗುರುತು ಇನ್ನೂ ಇದೆ. ಹೇಗೋ ಅರಿವೆ ಸುತ್ತಿ ತಿರುಪಿ ಆರಿಸಿದೆ. ಆಮೇಲೆ ಅಲ್ಲೇ ಕೂತು ಲೆಕ್ಕ ಹಾಕಿದೆ.

ಮನೆಯ ಒಲೆಗೆ ಸಿಲಿಂಡರ್ ದೂರ ಇರುತ್ತದೆ, ಎಷ್ಟು ಮರೆ ಮಾಡಿದರೂ ನಡೆಯುತ್ತದೆ. ನನ್ನ ಕೈಗೆ ಆ ರೂಢಿ. ಇಲ್ಲಿ ಡಬ್ಬಿ ಉರಿಯ ಕೆಳಗೇ ಇತ್ತು. ನಾಲ್ಕೂ ಕಡೆ ಮುಚ್ಚಿದ ಕಲ್ಲು ಕಾವನ್ನು ಹಿಡಿದು ಡಬ್ಬಿಯ ಮೇಲೇ ಹೊರಳಿಸಿತ್ತು. ಇನ್ನು ತುಸು ಹೊತ್ತು ಬೆನ್ನು ಮಾಡಿ ಕೂತಿದ್ದರೆ ಅದು ಸಿಡಿದು, ಎಡೆ ಇಡಲು ಹೋದವನಿಗೇ ಎಡೆ ಇಡಬೇಕಾಗುತ್ತಿತ್ತು.

ಉಣ್ಣೆಯ ವಾಸನೆ ಮೆಲ್ಲಗೆ ಕರಗಿತು. ಗಾಳಿ ಮತ್ತೆ ಎದೆಗೆ ಬಂತು. ಎಡೆಯ ಲೋಟ ತುಂಬಿದ ಹಾಗೇ ಇತ್ತು. ಎಡೆ ಇಟ್ಟದ್ದನ್ನು ಚೆಲ್ಲುವಂತಿಲ್ಲ, ನಾವೇ ತೆಗೆದುಕೊಳ್ಳಬೇಕು. ಆ ಗಾಳಿಗೆ ಅಷ್ಟು ಹೊತ್ತಿಗೆ ಅದು ಆರಿ ನೀರಾಗಿರಬೇಕಿತ್ತು. ಬಾಯಿಗಿಟ್ಟೆ.

ನಾಲಿಗೆ ಸುಟ್ಟಿತು.

ಬೆಳಗಾಗುವವರೆಗೆ ಅವನ ಜಾಗಕ್ಕೆ ಮುಖ ಮಾಡಿ ಕೂತಿದ್ದೆ. ಏನೂ ಬರಲಿಲ್ಲ. ಬೆಳಿಗ್ಗೆ ಲಕ್ಕವ್ವನಿಗೆ ಎಲ್ಲ ಹೇಳಿದೆ. ಆಕೆ ಹೆದರಲಿಲ್ಲ, ಬೈದಳು.

"ಒಲಿ ಬಾಯಿ ಯಾಕ ಮುಚ್ಚಿದ್ರಿ? ಅಡವ್ಯಾಗ ಕುರಿ ಕಾಯೋರು ಒಲಿಗೆ ಒಂದ ಬಾಯಿ ಬಿಟ್ಟ ಬಿಡತಾರು. ಮುಚ್ಚಿದ ಒಲಿ ಕಂಡ್ರ ಅಂವ ಯಾರ ಮನ್ಯಾಗಾದ್ರೂ ಕಲ್ಲ ಕಿತ್ತ ಒಗೀತಿದ್ದ." ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಕೇಳಿದಳು, "ಕಂಬಳಿ ತೊಯ್ದಿತ್ತೇನ್ರಿ? ಅಲ್ಲೆ ಥಂಡಿ ಐತೋ ಏನೋ…"

ಈಗ ನಳಿಕೆಯ ಒಲೆ ತಂದಿದ್ದೇನೆ. ಡಬ್ಬಿ ದೂರ ಇಡುತ್ತೇನೆ, ಗಾಳಿಗೆ ಮೂರೇ ಕಲ್ಲು, ಮೂಡಣಕ್ಕೆ ಬಾಯಿ. ಚಹ ಒಂದೇ ಸಮನೆ ಕುದಿಯುತ್ತದೆ. ಅವನ ಲೋಟಕ್ಕೂ ಬಗ್ಗಿಸಿ, ಬೆನ್ನು ಮಾಡಿ ಕೂರುತ್ತೇನೆ. ಕಲ್ಲು ಅಲುಗುವುದಿಲ್ಲ. ಉಣ್ಣೆಯ ವಾಸನೆ ಇಲ್ಲ. ತಿರುಗಿ ನೋಡಿದಾಗ ಲೋಟದ ಚಹ ಆರಿರುತ್ತದೆ.

ಎಲ್ಲ ಸರಿಯಾಗಿದ್ದರೆ ಅವನು ಬರುವುದಿಲ್ಲ. ಅವನನ್ನು ಕರೆಯುವ ದಾರಿ ನನಗೆ ಒಂದೇ ಗೊತ್ತು.

ಅದಕ್ಕೇ ಹೆದರಿಕೆ ಎಂದರೆ ನನಗೆ ಅವನದಲ್ಲ, ನನ್ನದು. ಡಬ್ಬಿಯ ತಲೆಯ ಮೇಲೆ ಕೂರುವ ಆ ಒಲೆಯನ್ನು ನಾನಿನ್ನೂ ಎಸೆದಿಲ್ಲ, ಪ್ರತಿ ಸಲ ಚೀಲದಲ್ಲಿ ಅದೂ ಬರುತ್ತದೆ. ಮೊನ್ನೆ ಗಾಳಿ ಜೋರಿದ್ದ ರಾತ್ರಿ, ಅದನ್ನೇ ಹೊತ್ತಿಸಿ ಕೂತಿದ್ದೆ. ನೋಡುತ್ತೇನೆ… ನಾಲ್ಕನೇ ಕಲ್ಲು ನನ್ನ ಕೈಯಲ್ಲಿತ್ತು.