ಗೋಲ್‌ಪೋಸ್ಟಿನ ಹತ್ತಿರ ಸಿಕ್ಕಿದ ಸಿಗ್ನಲ್

“ಒಂದು ಫೋಟೋ ತೆಗೆದು ಕಳಿಸಿ, ಅಷ್ಟು ಸಾಕು” ಎಂದರು ನಮ್ಮ ಮ್ಯಾನೇಜರು.

ಯಾವುದರ ಫೋಟೋ? ಒಂದು ಮನೆಯದು. ಕುಂಬಳೆಯಿಂದ ಪೆರ್ಲ ಕಡೆಗೆ ಹೋಗುವಾಗ ಸಿಗುವ ಕೆಂಪು ಮುರಕಲ್ಲಿನ ಗುಡ್ಡೆಯೊಂದರ ಮೇಲೆ ಅರ್ಧ ಎದ್ದು ನಿಂತ ಮನೆ. ಕೆಳಗಿನ ಅಂತಸ್ತಿನಲ್ಲಿ ಸಂಸಾರ ಇದೆ. ಮೇಲಿನ ಅಂತಸ್ತಿಗೆ ಗೋಡೆ ಎದ್ದಿದೆ, ಸೆಂಟ್ರಿಂಗ್ ಹಲಗೆ ಕಟ್ಟಿದ್ದಾರೆ, ಕಾಂಕ್ರೀಟ್ ಸ್ಲ್ಯಾಬ್ ಮಾತ್ರ ಬಾಕಿ. ಆ ಗೋಡೆ ನಮ್ಮ ಮೈಕ್ರೋವೇವ್ ಲಿಂಕಿಗೆ ಅಡ್ಡ ಬಂದಿದೆ ಎಂದು ಕೊಚ್ಚಿಯ ಆಫೀಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಪಂಚಾಯತಿಗೆ ದೂರು ಹೋಗಿ, ವಿಚಾರಣೆ ಮುಗಿಯುವವರೆಗೆ ಕೆಲಸ ನಿಲ್ಲಿಸಿ ಎಂದು ಸ್ಟಾಪ್ ಮೆಮೊ ಕೂಡ ಬಂದಿತ್ತು. ಇನ್ನು ಉಳಿದದ್ದು ಒಬ್ಬ ಎಂಜಿನಿಯರ್ ಸ್ಥಳಕ್ಕೆ ಹೋಗಿ ‘ಹೌದು’ ಎಂದು ಸಹಿ ಹಾಕುವ ಕೆಲಸ. ಆ ಎಂಜಿನಿಯರ್ ನಾನು.

(ವಾರಕ್ಕೊಮ್ಮೆ ಇಲ್ಲಿ ಹರಟುವ ಹೆಂಗಸು ಉಳಿದ ದಿನಗಳಲ್ಲಿ ಟವರುಗಳ ಬುಡದಲ್ಲಿ ನಿಂತಿರುತ್ತಾಳೆ ಎಂಬುದು ಹೊಸ ಓದುಗರಿಗೆ ಗೊತ್ತಿರಲಿ.)

ಮೈಕ್ರೋವೇವ್ ಲಿಂಕ್ ಎಂದರೆ ಅಡುಗೆಮನೆಯ ಒಲೆಗೂ ಅದಕ್ಕೂ ಸಂಬಂಧವಿಲ್ಲ. ಕರಾವಳಿಯಲ್ಲಿ ಒಂದು ಟವರ್, ಒಳನಾಡಿನಲ್ಲಿ ಇನ್ನೊಂದು. ಎರಡರಲ್ಲೂ ಚೆಂಡೆಯಂತೆ ಕಾಣುವ ಒಂದೊಂದು ಡಿಶ್, ಮುಖಕ್ಕೆ ಮುಖ ಕೊಟ್ಟು ಕೂತಿರುತ್ತದೆ. ಒಳನಾಡಿನ ಅಷ್ಟೂ ಊರುಗಳ ಫೋನಿನ ಮಾತು ಈ ಎರಡು ಡಿಶ್ಶುಗಳ ನಡುವೆ ಗಾಳಿಯಲ್ಲಿ ಹೋಗಿ ಬರುತ್ತದೆ. 3ಜಿ ಬರುತ್ತದೆಂದು ಈ ಬೇಸಿಗೆಯಲ್ಲಿ ಆ ಲಿಂಕಿನ ಸಾಮರ್ಥ್ಯ ಹೆಚ್ಚಿಸಿದರು. ಅಂದಿನಿಂದ ನಾಲ್ಕು ಹನಿ ಮಳೆ ಬಿದ್ದರೂ ಲಿಂಕ್ ಬಂದ್. ಅದೇ ತಿಂಗಳುಗಳಲ್ಲಿ ಗುಡ್ಡೆಯ ಮೇಲೆ ಈ ಗೋಡೆಯೂ ಎದ್ದಿತು. ಆಫೀಸಿನವರು ಎರಡನ್ನೂ ಸೇರಿಸಿ ಗಂಟು ಹಾಕಿದರು.

ನನಗಾದರೂ ಅನುಮಾನ ಬಂದಿತ್ತೇ? ಇಲ್ಲ. ಫೋಟೋ ತೆಗೆದು ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದು ನನ್ನ ಲೆಕ್ಕಾಚಾರವಾಗಿತ್ತು. ಟವರ್ ಹತ್ತುವ ಕೆಲಸದವನು ಸುಂದರ, ಅವನೇ ಜೀಪು ಬಿಟ್ಟುಕೊಂಡು ಬಂದ. ಇಬ್ಬರೂ ಶನಿವಾರ ಹತ್ತು ಗಂಟೆಗೆ ಗುಡ್ಡೆಯ ಮೇಲಿದ್ದೆವು.

ಗೇಟಿನಲ್ಲೇ ಎದುರಾದವರು ಮನೆಯ ಯಜಮಾನಿ ನಫೀಸಾ. ವಯಸ್ಸು ನಲವತ್ತರ ಆಸುಪಾಸು. ಗಂಡ ಶಾರ್ಜಾದಲ್ಲಿ. ಕಲ್ಲು, ಮರಳು, ಮೇಸ್ತ್ರಿ ಎಲ್ಲವನ್ನೂ ನೋಡಿಕೊಳ್ಳುವುದು ಇವರೇ. ಕೆಳಗಿನ ಜಗಲಿಯಲ್ಲಿ ಹನ್ನೊಂದು ಹೆಂಗಸರಿಗೆ ಹೊಲಿಗೆ ಕಲಿಸುತ್ತಾರೆ. ಮೆಷಿನುಗಳು ಜಗಲಿ ತುಂಬಿ, ಬಾಗಿಲಿಗೂ ಅಡ್ಡವಾಗಿ ನಿಂತಿದ್ದವು. ಮೇಲಿನ ಅಂತಸ್ತು ಆ ಕ್ಲಾಸಿಗಾಗಿ. ಮಳೆಗಾಲಕ್ಕೆ ಹದಿನೈದು ದಿನವೂ ಇರಲಿಲ್ಲ. ಅಷ್ಟರೊಳಗೆ ಸ್ಲ್ಯಾಬ್ ಆಗದಿದ್ದರೆ ಕಟ್ಟಿದ ಹಲಗೆ ನೆನೆದು ಹಾಳು, ಕ್ಲಾಸು ಇನ್ನೊಂದು ವರ್ಷ ಜಗಲಿಯಲ್ಲೇ.

“ಫೋಟೋ ತೆಗೀಲಿಕ್ಕೆ ಬಂದದ್ದಾ ಮೇಡಂ?” ಎಂದರು. ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿಯೇ ಕೇಳಿದ್ದು.

ನಾನು ನಿಯಮ, ಲೈನ್ ಆಫ್ ಸೈಟ್, ಡಿಶ್ಶಿಗೆ ಡಿಶ್ ಕಾಣಬೇಕು ಎಂದೆಲ್ಲ ಶುರು ಮಾಡಿದೆ. ಅವರು ಅರ್ಧದಲ್ಲೇ ತಡೆದರು.

“ನನಗೆ ಅದೆಲ್ಲ ಅರ್ಥ ಆಗುದಿಲ್ಲ. ಮೇಲಿನ ನಾಲ್ಕು ಸಾಲು ಕಲ್ಲು ತೆಗೆದು ಶೀಟು ಹಾಕಿ ಅಂತ ಎಲ್ಲರೂ ಹೇಳ್ತಾರೆ. ಶಾರ್ಜಾದಿಂದ ಇವರು ಕೂಡ ಫೋನಲ್ಲಿ ಹೇಳಿದ್ರು, ಕಂಪೆನಿಯವರ ಹತ್ರ ಜಗಳ ಬೇಡ, ತೆಗೆದುಬಿಡು ಅಂತ. ಆ ತಗ್ಗಿನ ಶೀಟಿನಡಿ ಬೇಸಿಗೆಯಲ್ಲಿ ಹನ್ನೊಂದು ಜನ ಕೂತು ಹೊಲೀಲಿಕ್ಕೆ ಆಗ್ತದಾ? ನಿಮ್ಮ ಕರೆಂಟೋ ಎಂತದೋ, ಅದು ನನ್ನ ಗೋಡೆಗೆ ತಾಗುದು ನನಗೆ ತೋರಿಸಿ. ತೋರಿಸಿದ್ರೆ ನಾನೇ ನಿಂತು ಕೆಡವಿಸ್ತೇನೆ.”

ತೋರಿಸಿ ಎಂದರೆ ಏನು ಮಾಡುವುದು? ಆಫೀಸು ಯಾರಿಗೂ ತೋರಿಸಿರಲಿಲ್ಲ. ನನಗೂ ತೋರಿಸಿರಲಿಲ್ಲ! ಕಂಪ್ಯೂಟರಿನಲ್ಲಿ ಒಂದು ಗ್ರಾಫ್ ಇಳಿದದ್ದು ನೋಡಿ ಹೇಳಿದ್ದು, ಅಷ್ಟೇ. ಜೀಪಿನಿಂದ ಸ್ಪೆಕ್ಟ್ರಮ್ ಅನಲೈಸರ್ ತರಲು ಸುಂದರನಿಗೆ ಹೇಳಿದೆ.

ಕೈಯಲ್ಲಿ ಹಿಡಿಯುವ ಯಂತ್ರ ಅದು. ದಪ್ಪ ಡಿಕ್ಷನರಿಯಷ್ಟು ಗಾತ್ರ, ಅದಕ್ಕಿಂತ ಜಾಸ್ತಿ ಭಾರ. ಪರದೆಯ ಮೇಲೆ ಒಂದು ಗೆರೆ ಓಡುತ್ತಿರುತ್ತದೆ. ಗಾಳಿಯಲ್ಲಿ ನಮಗೆ ಬೇಕಾದ ಸಿಗ್ನಲ್ ಇದ್ದರೆ ಗೆರೆ ಅಲ್ಲಿ ಉಬ್ಬುತ್ತದೆ. ಜೋರಾಗಿದ್ದರೆ ದೊಡ್ಡ ಉಬ್ಬು, ಇಲ್ಲದಿದ್ದರೆ ಸಣ್ಣದು. ಸುಳ್ಳು ಹೇಳಲು ಅದಕ್ಕೆ ಬರುವುದಿಲ್ಲ. (ಅದನ್ನು ಓದುವವರಿಗೆ ಬರುತ್ತದೆ, ಆ ಮಾತು ಬೇರೆ.) ಅದಕ್ಕೆ ಆಲಿಕೆಯಂಥ ಪುಟ್ಟ ಆಂಟೆನಾ ಸಿಕ್ಕಿಸಿ, ಏಣಿ ಹತ್ತಿ, ಗೋಡೆಯ ತುದಿಯಲ್ಲಿ ನಿಂತು, ಕರಾವಳಿಯ ಟವರಿನ ಕಡೆಗೆ ಹಿಡಿದೆ.

ಲೆಕ್ಕ ಸರಳ. ಈ ಗೋಡೆ ಲಿಂಕಿಗೆ ಅಡ್ಡ ಇದೆ ಎಂದಾದರೆ, ಟವರಿನಿಂದ ಹೊರಟ ಸಿಗ್ನಲ್ ಇಲ್ಲಿಗೆ ಬಂದು ಬಡಿಯುತ್ತಿರಬೇಕು. ಗೆರೆ ಎದ್ದು ನಿಲ್ಲಬೇಕು.

ನಿಲ್ಲಲಿಲ್ಲ. ಎಲ್ಲೋ ಒಂದು ಚಿಕ್ಕ ಉಬ್ಬು. ಇರಬೇಕಾದದ್ದರ ನೂರರಲ್ಲಿ ಒಂದು ಪಾಲು.

ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ನಫೀಸಾ ಕೆಳಗಿನಿಂದ ಕೊಡೆ ತಂದು ಯಂತ್ರದ ಮೇಲೆ ಹಿಡಿದರು. “ಎಂತ ಕಾಣ್ತದೆ?” ಎಂದು ಕೇಳಿದರು.

“ಕಾಣ್ಬೇಕಾದ್ದು ಕಾಣ್ತಾ ಇಲ್ಲ” ಎಂದೆ.

“ಹಾಗಾದ್ರೆ ಅದು ಎಲ್ಲಿ ಹೋಯ್ತು?”

ಎಂಜಿನಿಯರ್ ಕೇಳಬೇಕಾದ ಪ್ರಶ್ನೆಯನ್ನು ಹೊಲಿಗೆ ಟೀಚರ್ ಕೇಳಿದ್ದರು. ಹುಡುಕಲು ಹೊರಟೆ. ಗುಡ್ಡೆಯ ನೆತ್ತಿಯ ಉದ್ದಕ್ಕೂ ನಾನು ಯಂತ್ರ ಹಿಡಿದು, ಅವರು ಕೊಡೆ ಹಿಡಿದು ನಡೆದೆವು. ಹಿಂದಿನಿಂದ ಸುಂದರ. ಜಗಲಿಯ ಹೆಂಗಸರು ಹೊಲಿಗೆ ಬಿಟ್ಟು ನೋಡುತ್ತಿದ್ದರು. ಇಬ್ಬರು ಹೆಂಗಸರು ಕೊಡೆಯಡಿ ಒಂದು ಡಬ್ಬಿ ಇಟ್ಟುಕೊಂಡು ಗುಡ್ಡೆ ಸುತ್ತುವುದನ್ನು ಕಂಡ ಆಟೋದವನೊಬ್ಬ ನಿಲ್ಲಿಸಿ, “ನೀರು ನೋಡುದಾ?” ಎಂದು ಕೇಳಿದ. ಬೋರ್‌ವೆಲ್ಲಿಗೆ ಜಾಗ ನೋಡುವವರೆಂದು ತಿಳಿದಿದ್ದ.

ಮೊದಲಿಗೆ ಇದ್ದ ಉಬ್ಬೂ ಇಳಿಯಿತು. ಇನ್ನೂ ನಡೆದೆವು. ಗೆರೆ ಪೂರಾ ಸಪಾಟಾಯಿತು. ಹಿಂದಿರುಗೋಣ ಎಂದು ನಾನು ನಿಂತೆ. ನಫೀಸಾ ನಿಲ್ಲಲಿಲ್ಲ, ಕೊಡೆ ಮುಂದೆ ಹೋಯಿತು. ನೆರಳು ಬೇಕಲ್ಲ, ನಾನೂ ಹೋದೆ. ಊರಿನ ಫುಟ್‌ಬಾಲ್ ಮೈದಾನ ಬಂತು. ಗೆರೆ ಮೆಲ್ಲ ಮೇಲೇಳತೊಡಗಿತು. ಗೋಲ್‌ಪೋಸ್ಟಿನ ಹತ್ತಿರ ಬರುವಾಗ ಪರದೆಯ ಮೇಲಿನ ಅಂಚಿಗೆ ತಾಗಿ ನಿಂತಿತು. ಇಷ್ಟು ವರ್ಷ ಆ ಟವರಿನ ಅಷ್ಟೂ ಶಕ್ತಿ ಖಾಲಿ ಮೈದಾನದ ಮೇಲೆ ಸುರಿಯುತ್ತಿತ್ತು.

ಏನಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಡಿಶ್ಶಿನಿಂದ ಒಂದು ದೊಡ್ಡ ಕಿರಣ ಹೊರಡುತ್ತದೆ. ಅದರ ಎರಡೂ ಬದಿಗೆ ಸಣ್ಣ ಕಿರಣಗಳೂ ಇರುತ್ತವೆ, ಸೈಡ್ ಲೋಬ್ ಎನ್ನುತ್ತೇವೆ. ಡಿಶ್ ಕೂರಿಸುವಾಗ ಕೆಲವೊಮ್ಮೆ ಸಣ್ಣ ಕಿರಣವೇ ಮೊದಲು ಸಿಗುತ್ತದೆ. ಎಡಕ್ಕೆ ತಿರುಗಿಸಿದರೆ ಸಿಗ್ನಲ್ ಇಳಿಯುತ್ತದೆ. ಬಲಕ್ಕೆ ತಿರುಗಿಸಿದರೂ ಇಳಿಯುತ್ತದೆ. ಇದಕ್ಕಿಂತ ಮೇಲೆ ಇಲ್ಲ ಎಂದು ಬೋಲ್ಟ್ ಬಿಗಿದು ಇಳಿದು ಬರುತ್ತೇವೆ. ನಿಜವಾದ ಶಿಖರ ಸಿಗಬೇಕಾದರೆ ಸಿಗ್ನಲ್ ಪೂರ್ತಿ ಸತ್ತುಹೋಗುವವರೆಗೆ ತಿರುಗಿಸಿ, ಅದನ್ನೂ ದಾಟಿ ಹೋಗಬೇಕು. ಆ ಧೈರ್ಯ ಬೇಕು, ತಾಳ್ಮೆಯೂ ಬೇಕು.

ಆ ಡಿಶ್ಶನ್ನು ಎಂಟು ವರ್ಷದ ಹಿಂದೆ ಕೂರಿಸಿದವರು ಯಾರು?

ಹಳೆಯ ಓದುಗರಿಗೆ ಗೊತ್ತು. ನಾನೇ ಇಲ್ಲಿ ಎರಡು ಸಲ ಬರೆದು ಬೀಗಿದ್ದೇನೆ. ‘ಹೆಂಗಸರಿಗೆ ಇದೆಲ್ಲ ಆಗುವುದಿಲ್ಲ’ ಎಂದವರ ಎದುರು, ಗಂಡಸರಿಗೆ ಎರಡು ದಿನ ಹಿಡಿಯುವ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ ಕಥೆ. ಮೇಲೆ ಸುಂದರ, ಕೆಳಗೆ ಸಾದಾ ಮೀಟರ್ ಹಿಡಿದು ನಾನು. ಎಷ್ಟು ಜನ ಆಗ ಮೆಚ್ಚಿ ಕಾಗದ ಬರೆದಿದ್ದಿರಿ! ಬೇಗ ಮುಗಿದದ್ದು ಏಕೆ ಎಂದು ಈಗ ತಿಳಿಯಿತು. ಸಿಗಬೇಕಾದಷ್ಟು ಸಿಗ್ನಲ್ ಅಂದೂ ಸಿಕ್ಕಿರಲಿಲ್ಲ. ನಾನು ‘ಕೇಬಲ್ ನಷ್ಟ’ ಎಂದು ಬರೆದು ಕಡತ ಮುಚ್ಚಿದ್ದೆ.

ಆಮೇಲೆ ಪ್ರತಿ ಮಳೆಗಾಲದಲ್ಲಿ ಆ ಲಿಂಕ್ ಬೀಳುತ್ತಿತ್ತು. ದಾಖಲೆ ಪುಸ್ತಕದಲ್ಲಿ ನಾವು ಬರೆದ ಕಾರಣ ಒಂದೇ ಶಬ್ದ: ಮಳೆ. ಎಂಟು ಮಳೆಗಾಲ! ನಮ್ಮ ಊರಲ್ಲಿ ಮಳೆ ಎಂದು ಬರೆದರೆ ಮರುಪ್ರಶ್ನೆ ಇದೆಯೇ? ಕರೆಂಟು ಹೋದರೆ ಮಳೆ, ಬಸ್ಸು ಬಾರದಿದ್ದರೆ ಮಳೆ, ರಸ್ತೆಯ ಡಾಂಬರು ಎದ್ದರೆ ಮಳೆ. ಪಾಪ, ಎದುರು ಮಾತಾಡಲು ಅದಕ್ಕೆ ಬಾಯಿಲ್ಲ. ಈ ವರ್ಷ ಲಿಂಕಿನ ಮೇಲೆ ಹೊರೆ ಹೆಚ್ಚಾಗಿ ಬೇಸಿಗೆಯಲ್ಲೂ ಬೀಳತೊಡಗಿದಾಗ ಮಳೆಯೊಂದೇ ಸಾಲದಾಯಿತು. ಆಗ ಕಣ್ಣಿಗೆ ಬಿದ್ದದ್ದು ನಫೀಸಾರ ಗೋಡೆ.

ನೇರವಾಗಿ ಕರಾವಳಿಯ ಟವರಿಗೆ ಹೋದೆವು. ಸುಂದರ ಹತ್ತಿ ಡಿಶ್ಶಿನ ಬೋಲ್ಟುಗಳನ್ನು ನೋಡಿದ. ಬಿಗಿದ ಮೇಲೆ ಬೋಲ್ಟಿನಿಂದ ಪಟ್ಟಿಯವರೆಗೆ ಕೆಂಪು ಪೇಂಟಿನ ಒಂದು ಗೀಟು ಎಳೆಯುವುದು ನಮ್ಮ ಪದ್ಧತಿ. ಮುಂದೆಂದಾದರೂ ಡಿಶ್ ಅಲುಗಿದರೆ ಗೀಟು ಮುರಿದಿರುತ್ತದೆ, ಗೊತ್ತಾಗುತ್ತದೆ.

“ಮೇಡಂ, ಪೇಂಟು ಒಂಚೂರು ಬಿರುಕು ಬಿಡ್ಲಿಲ್ಲ ಮಾರಾಯ್ರೆ” ಎಂದು ಮೇಲಿನಿಂದ ಕೂಗಿದ. “ನಾವು ಬಿಗಿದ ಹಾಗೇ ಉಂಟು!”

ಅವನ ದನಿಯಲ್ಲಿ ಹೆಮ್ಮೆ ಇತ್ತು. ನನಗೆ ಅಳು ಬರುವುದೊಂದು ಬಾಕಿ.

ಸಂಜೆ ಮ್ಯಾನೇಜರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಕೆಟ್ಟವರಲ್ಲ. ನನ್ನ ಮೇಲೆ ಕನಿಕರದಿಂದಲೇ ಮಲಯಾಳದಲ್ಲಿ ಸಮಾಧಾನ ಹೇಳಿದರು. ನಿಮ್ಮ ಹೆಸರು ಏಕೆ, ಗಾಳಿಗೆ ಡಿಶ್ ತಿರುಗಿದೆ ಎಂದು ಬರೆಯಿರಿ, ಸರಿ ಮಾಡಿಬಿಡಿ, ಯಾರು ಹತ್ತಿ ನೋಡುತ್ತಾರೆ? ಪಂಚಾಯತಿನ ವಿಷಯ ಮಳೆಗಾಲ ಕಳೆದ ಮೇಲೆ ತನ್ನಷ್ಟಕ್ಕೆ ತಣ್ಣಗಾಗುತ್ತದೆ.

ಮಳೆಯಾಯಿತು, ಗೋಡೆಯಾಯಿತು, ಇನ್ನು ಗಾಳಿ!

ಆಸೆ ಆಗಲಿಲ್ಲ ಎಂದರೆ ಸುಳ್ಳು. ನಿವೃತ್ತಿಗೆ ಆರು ವರ್ಷ ಇದೆ. ‘ಅವಳು ಮಾಡಿದ್ದು ಸೈಡ್ ಲೋಬ್’ ಎಂದು ಊರೂರಿನ ಟವರುಗಳ ಬುಡದಲ್ಲಿ ನಗುವವರ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಆದರೆ ಗಾಳಿ ಎಂದು ಬರೆದರೆ ನಫೀಸಾರ ಸ್ಲ್ಯಾಬ್ ಈ ವರ್ಷ ಆಗುವುದಿಲ್ಲ. ದೂರು ತಪ್ಪು ಎಂದು ಆಫೀಸು ಬರೆದು ಕೊಡಬೇಕು, ಅದೂ ಕೂಡಲೇ. ಬರೆದುಕೊಡಬೇಕಾದರೆ ಗೋಡೆ ಏಳುವ ಮೊದಲೇ ಇದ್ದ ಕಾರಣ ಬೇಕು. ಕಾರಣ ನಾನು.

ಅನಲೈಸರಿನಲ್ಲಿ ಉಳಿಸಿಕೊಂಡಿದ್ದ ಮೂರು ಚಿತ್ರ, ಪೇಂಟಿನ ಫೋಟೋ, ಎಂಟು ವರ್ಷದ ಹಿಂದಿನ ನನ್ನ ಸಹಿ ಇದ್ದ ಹಾಳೆ, ಎಲ್ಲ ಸೇರಿಸಿ ಕಳಿಸಿದೆ. ‘ಡಿಶ್ ಕೂರಿಸುವಾಗ ನಾನು ಮಾಡಿದ ತಪ್ಪು. ಮನೆಗೆ ಇದರಲ್ಲಿ ಸಂಬಂಧವಿಲ್ಲ. ಪಂಚಾಯತಿಗೆ ಕೊಟ್ಟ ದೂರನ್ನು ಹಿಂದೆಗೆಯಬೇಕು.’ ಮೂರು ವಾಕ್ಯ ಬರೆಯಲು ಒಂದು ಗಂಟೆ ಹಿಡಿಯಿತು. ಎರಡು ದಿನ ಉತ್ತರ ಬರಲಿಲ್ಲ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದೆ. ಕೊನೆಗೆ ಅವರು ರಗಳೆ ತಾಳಲಾರದೆ ಒಪ್ಪಿದರು ಎಂದು ಕಾಣುತ್ತದೆ.

ಬುಧವಾರ ಒಂದು ಗಂಟೆ ಲಿಂಕ್ ನಿಲ್ಲಿಸಲು ಅನುಮತಿ ಸಿಕ್ಕಿತು. ಸುಂದರ ಮೇಲೆ ಹೋಗಿ ಬೋಲ್ಟ್ ಸಡಿಲಿಸಿದ. ಕೆಳಗೆ ನಾನು, ಈ ಸಲ ಅನಲೈಸರ್ ಹಿಡಿದು. ಅವನು ತಿರುಗಿಸುತ್ತ ಹೋದ. ಗೆರೆ ಇಳಿಯಿತು. “ಸಾಕಾ ಮೇಡಂ? ಕಮ್ಮಿ ಆಗ್ತಾ ಉಂಟಾ?” ಎಂದು ಕೇಳಿದ. “ಕಮ್ಮಿ ಆಗ್ಲಿ, ನೀನು ತಿರುಗಿಸು” ಎಂದೆ. ಗೆರೆ ಸತ್ತೇಹೋಯಿತು. “ಇನ್ನೂ ತಿರುಗಿಸು!” ಎದ್ದಿತು ನೋಡಿ. ಏರಿತು, ಏರಿತು, ನಫೀಸಾರ ಗೋಡೆ ಇದ್ದಲ್ಲೇ ಇದ್ದರೂ ಎಂಟು ವರ್ಷದ ಹಿಂದೆ ಕಾಗದದಲ್ಲಿ ಲೆಕ್ಕ ಹಾಕಿದ್ದ ಅಂಕಿಗೆ ಬಂದು ನಿಂತಿತು. ಅದರ ಆಚೆಗೂ ತಿರುಗಿಸಿ, ಮತ್ತೆ ಇಳಿಯುವುದನ್ನು ನೋಡಿ, ಹಿಂದೆ ತಂದು ಬಿಗಿಸಿದೆ. ಆ ಸಂಜೆ ಗುಡುಗು ಸಹಿತ ಮಳೆ ಹೊಡೆಯಿತು. ಲಿಂಕ್ ಬೀಳಲಿಲ್ಲ.

ಮರುದಿನ ದೂರು ಹಿಂದೆ ಹೋಯಿತು, ನಫೀಸಾರ ಸ್ಟಾಪ್ ಮೆಮೊ ರದ್ದಾಯಿತು. ನನಗೂ ಒಂದು ಮೆಮೊ ಬಂತು. ಸರ್ವಿಸ್ ಫೈಲಿನಲ್ಲಿ ಕೂತಿದೆ, ಕೂತಿರಲಿ.

ಶನಿವಾರ ಸ್ಲ್ಯಾಬ್. ನನಗೂ ಸುಂದರನಿಗೂ ಊಟಕ್ಕೆ ಕರೆ ಇತ್ತು. ಮಿಕ್ಸರ್ ಗಡಗಡ ಎನ್ನುತ್ತಿತ್ತು, ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೇರುತ್ತಿದ್ದವು, ಹಿತ್ತಲಲ್ಲಿ ಕೆಲಸದವರಿಗೆ ಬಿರಿಯಾನಿ ಬೇಯುತ್ತಿತ್ತು. ಹೊಲಿಗೆ ಕ್ಲಾಸಿನ ಹನ್ನೊಂದು ಜನವೂ ಬಡಿಸಲು ನಿಂತಿದ್ದರು. ಬಡಿಸಿಕೊಂಡು ಕೂತ ನಾನು ನಫೀಸಾರಿಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಗಾಳಿ ಎಂದು ಬರೆಯಲು ಹೇಳಿದ್ದನ್ನು, ಬರೆಯದೆ ನನ್ನ ಹೆಸರನ್ನೇ ಬರೆದದ್ದನ್ನು, ಮೆಮೊ ಬಂದದ್ದನ್ನು. ಸ್ವಲ್ಪ ಜಾಸ್ತಿಯೇ ಹೇಳಿದೆನೋ ಏನೋ. ನನ್ನ ಪ್ರಾಮಾಣಿಕತೆಯನ್ನು ಯಾರಾದರೂ ಒಬ್ಬರು ಹೊಗಳಲಿ ಎಂದು ನನಗಿತ್ತು, ಮುಚ್ಚಿಡುವುದೇಕೆ?

ನಫೀಸಾ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿ, ಎದುರಲ್ಲೇ ಕೂತು, ನಗದೆ ಕೇಳಿದರು:

“ಅದೆಲ್ಲ ಸರಿ ಮೇಡಂ. ನಾನು ಹೆದರಿ ಆ ನಾಲ್ಕು ಸಾಲು ಕಲ್ಲು ತೆಗೆದಿದ್ರೆ, ನಿಮ್ಮ ತಪ್ಪು ನಿಮಗಾದ್ರೂ ಗೊತ್ತಾಗ್ತಿತ್ತಾ?”